ಹಲವು ರೀತಿ, ಒಂದು ಕಂಠ: ‘ದಿ ಕ್ಲ್ಯಾಶ್’ ಬ್ಯಾಂಡಿನ ಎರಡು ಆಲ್ಬಮ್‌ಗಳು

ಒಂದೇ ಸಂಗೀತರೀತಿಗೆ ಕಟ್ಟುಬೀಳದೆ ಹಲವು ರೀತಿಗಳಲ್ಲಿ ಸಂಚರಿಸುವ ಬ್ಯಾಂಡುಗಳನ್ನು ಕುರಿತು ರಸಿಕರಲ್ಲಿ ಎರಡು ಅಭಿಪ್ರಾಯಗಳುಂಟು. ಅದು ಪ್ರತಿಭೆಯ ವಿಸ್ತಾರವೆಂದು ಕೆಲವರೂ ಸ್ವಂತಿಕೆಯ ಅಭಾವವೆಂದು ಕೆಲವರೂ ಹೇಳುವರು. ಇದನ್ನು ತತ್ತ್ವಮಾತ್ರದಿಂದ ತೀರ್ಮಾನಿಸುವುದಕ್ಕಿಂತ ಒಂದು ನಿದರ್ಶನವನ್ನು ಪರೀಕ್ಷಿಸುವುದು ಲೇಸು. ಲಂಡನ್ನಿನ ‘ದಿ ಕ್ಲ್ಯಾಶ್’ ಬ್ಯಾಂಡು ಅದಕ್ಕೆ ತಕ್ಕುದಾಗಿದೆ.

1977ರಲ್ಲಿ ಹೊರಬಂದ ಇವರ ಮೊದಲ ಆಲ್ಬಮ್ ಪಂಕ್ ರೀತಿಯದು. ವೇಗ, ಸಿಟ್ಟು, ಕೆಲವೇ ಸ್ವರಮೇಳಗಳು ಅದರ ಬಂಡವಾಳ. ಆದರೂ ಅದರಲ್ಲಿಯೇ ‘ಪೊಲೀಸ್ ಅಂಡ್ ಥೀವ್ಸ್’ ಎಂಬ ಜಮೈಕಾದ ರೆಗ್ಗೆ ಹಾಡೊಂದಕ್ಕೆ ಎಡೆ ದೊರೆತಿತ್ತು. ಆ ಬೀಜವು 1979ರ ಡಿಸೆಂಬರಿನ ‘ಲಂಡನ್ ಕಾಲಿಂಗ್’ನಲ್ಲಿ ಮರವಾಯಿತು. ಎರಡು ತಟ್ಟೆಗಳ ಈ ಆಲ್ಬಮಿನ 19 ಹಾಡುಗಳಲ್ಲಿ ರಾಕಬಿಲಿ, ಸ್ಕಾ, ರೆಗ್ಗೆ, ಜಾಝ್‌ನ ಛಾಯೆ ಎಲ್ಲವೂ ಉಂಟು.

ಇಷ್ಟು ವೈವಿಧ್ಯವಿದ್ದೂ ಕೃತಿಯು ಚೆದರಿಹೋಗದಿರಲು ಕಾರಣವೇನು? ಈ ರೀತಿಗಳು ಅವರಿಗೆ ದೂರದಿಂದ ಬಂದವಲ್ಲ; ಬಹುಮಟ್ಟಿಗೆ ಅವರ ನಗರದಲ್ಲಿಯೇ ಕೇಳಿಬರುತ್ತಿದ್ದವು. ‘ದಿ ಗನ್ಸ್ ಆಫ್ ಬ್ರಿಕ್ಸ್‌ಟನ್’ ಹಾಡನ್ನು ರಚಿಸಿ ಹಾಡಿದ ಪಾಲ್ ಸಿಮನನ್ ಕೆರಿಬಿಯನ್ ವಲಸೆಗಾರರು ನೆಲೆಸಿದ್ದ ಆ ಬಡಾವಣೆಯಲ್ಲಿ ಬೆಳೆದವನು. ನೆರೆಮನೆಯ ಲಯದಲ್ಲಿಯೇ ನೆರೆಹೊರೆಯ ಭಯವನ್ನು ಅವನು ನುಡಿದನು. 1981ರಲ್ಲಿ ಬ್ರಿಕ್ಸ್‌ಟನ್ನಿನಲ್ಲಿ ಗಲಭೆಗಳು ನಡೆಯುವುದಕ್ಕೆ ಮೊದಲೇ ಆ ಹಾಡು ಹುಟ್ಟಿತ್ತು. ಜೊತೆಗೆ, ಯಾವ ಲಯಕ್ಕೂ ಒದಗಬಲ್ಲ ಟಾಪರ್ ಹೆಡನ್ನನ ಡ್ರಮ್ ವಾದನವೂ, ರೀತಿ ಬದಲಾದರೂ ತಾನು ಬದಲಾಗದ ಜೋ ಸ್ಟ್ರಮರನ ಒರಟು ಕಂಠವೂ ಇಡಿಯ ಕೃತಿಯನ್ನು ಹಿಡಿದು ನಿಲ್ಲಿಸಿವೆ.

ಮರುವರ್ಷ ಬಂದ ‘ಸ್ಯಾಂಡಿನಿಸ್ಟಾ!’ ಇದೇ ದಾರಿಯ ಅತಿರೇಕ. ಮೂರು ತಟ್ಟೆ, 36 ಹಾಡು. ಒಂದೇ ತಟ್ಟೆಯ ಬೆಲೆಗೆ ಅದನ್ನು ಮಾರುವ ಸಲುವಾಗಿ ಬ್ರಿಟನ್ನಿನಲ್ಲಿ ಮೊದಲ 2,00,000 ಪ್ರತಿಗಳ ರಾಯಲ್ಟಿಯನ್ನು ಬ್ಯಾಂಡು ಬಿಟ್ಟುಕೊಟ್ಟಿತು. ಲೆಕ್ಕಪತ್ರ ಬಲ್ಲವರು ಈ ಔದಾರ್ಯಕ್ಕೆ ತಲೆಬಾಗಲೇಬೇಕು. ಆದರೆ ಕಲೆಯಲ್ಲಿ ಆಯ್ಕೆಯೂ ಒಂದು ಧರ್ಮ. ನ್ಯೂಯಾರ್ಕಿನ ರ್‍ಯಾಪ್ ಇನ್ನೂ ಹೊಸದಾಗಿದ್ದಾಗ ರಚಿತವಾದ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಶ್ರೇಷ್ಠವಾಗಿದೆ. ಕೊನೆಕೊನೆಯ ಹಾಡುಗಳಲ್ಲಿಯಾದರೋ ರೀತಿಗಳು ಅತಿಥಿಗಳಂತೆ ಬಂದು, ಮನೆಯವರ ಪರಿಚಯವಾಗುವ ಮೊದಲೇ ಹೊರಟುಹೋಗುತ್ತವೆ.

ಆದುದರಿಂದ ಹೊಸ ಕೇಳುಗರು ‘ಲಂಡನ್ ಕಾಲಿಂಗ್’ನಿಂದ ಆರಂಭಿಸಿ, ಅದನ್ನು ಆದ್ಯಂತವಾಗಿ, ಕ್ರಮ ತಪ್ಪಿಸದೆ ಕೇಳಬೇಕೆಂದು ನಮ್ಮ ಸೂಚನೆ. ಅನಂತರ ಅವರು ಎರವಲು ತಂದ ಹಾಡುಗಳ ಮೂಲಗಳನ್ನು ಹುಡುಕಬೇಕು: ವಿನ್ಸ್ ಟೇಲರನ 1959ರ ‘ಬ್ರ್ಯಾಂಡ್ ನ್ಯೂ ಕ್ಯಾಡಿಲ್ಯಾಕ್’, ಜೂನಿಯರ್ ಮರ್ವಿನ್ನನ 1976ರ ‘ಪೊಲೀಸ್ ಅಂಡ್ ಥೀವ್ಸ್’. ಮೂಲವನ್ನೂ ರೂಪಾಂತರವನ್ನೂ ಒತ್ತಟ್ಟಿಗಿಟ್ಟು ಕೇಳಿದಾಗಲೇ ಅನುಕರಣವೆಲ್ಲಿ ಮುಗಿಯಿತು, ಸೃಷ್ಟಿಯೆಲ್ಲಿ ತೊಡಗಿತು ಎಂಬುದು ತಿಳಿದುಬರುವುದು. ‘ಸ್ಯಾಂಡಿನಿಸ್ಟಾ!’ವನ್ನು ಕೊನೆಗೆ, ಬಿಡುವಿನಲ್ಲಿ, ಆಯ್ದುಕೊಂಡು ಕೇಳಿದರೆ ಸಾಕು.

ರಾಗಮಾಲಿಕೆಯನ್ನು ಮೆಚ್ಚುವ ನಮಗೆ ಈ ವಿವೇಕ ಹೊಸತಲ್ಲ. ರಾಗಗಳ ಸಂಖ್ಯೆಯಿಂದ ಅದು ದೊಡ್ಡದಾಗದು. ಒಂದರಿಂದ ಇನ್ನೊಂದಕ್ಕೆ ಸಾಗುವ ಸಹಜತೆಯಿಂದ, ಪಲ್ಲವಿಗೆ ಮರಳುವ ಬಗೆಯಿಂದ ದೊಡ್ಡದಾಗುವುದು. ಮರಾಠಿ, ಹಿಂದಿ, ತಮಿಳುಗಳ ನಡುವೆ ಕನ್ನಡವನ್ನಾಡಿ ಬಾಳುವ ಹೊರನಾಡಿನವರ ನುಡಿಗೂ ಇದೇ ಒರೆಗಲ್ಲು. ಎಷ್ಟು ಎರವಲಾಯಿತೆಂಬುದು ಸಣ್ಣ ಲೆಕ್ಕ. ಎರವಲಿನಲ್ಲಿಯೂ ದನಿ ತನ್ನದಾಗಿ ಉಳಿಯಿತೇ ಎಂಬುದೇ ದೊಡ್ಡ ಪ್ರಶ್ನೆ.