ಅರವತ್ತು ಪಿನ್ನಿನ ಹಳೇ ಕಾರ್ಡು

ಹಳೇ ರೌಟರಿನ ಹುಚ್ಚು ಹತ್ತಿದವರಲ್ಲಿ ಕೆಲವರಿಗೆ ಡಬ್ಬವೇ ಮುಖ್ಯ. ನನಗೋ, ಅದರ ಹಿಂಬದಿಗೆ ತೂರಿಸುವ ಅಂಗೈಯಗಲದ ಕಾರ್ಡು. ಸಿಸ್ಕೊ 1998ರಲ್ಲಿ 2600 ಸರಣಿಯನ್ನು ಬಿಟ್ಟಾಗ ಲ್ಯಾನ್ ಪೋರ್ಟನ್ನು ಒಳಗೇ ಕೂರಿಸಿ, ಹೊರಗಿನ ಲೈನ್ ಯಾವುದೆಂಬುದನ್ನು ಕೊಂಡವರ ಇಷ್ಟಕ್ಕೆ ಬಿಟ್ಟಿತ್ತು. ಐಎಸ್‌ಡಿಎನ್‌ಗೆ ಒಂದು ಕಾರ್ಡು, ಡಯಲ್‌ಅಪ್ ಮೋಡೆಮ್ಮಿಗೆ ಇನ್ನೊಂದು, ಆಮೇಲೆ ಎಡಿಎಸ್‌ಎಲ್‌ಗೆ ಮತ್ತೊಂದು. ಇವೇ ವ್ಯಾನ್ ಇಂಟರ್‌ಫೇಸ್ ಕಾರ್ಡುಗಳು. ಬಳಸುವವರ ಬಾಯಲ್ಲಿ ‘ವಿಕ್’.

ಅವುಗಳಲ್ಲಿ ನನ್ನ ಮೆಚ್ಚು ವಿಕ್-1ಟಿ. ಮುಖದ ಮೇಲೆ ಡಿಬಿ-60 ಎಂಬ ಒಂದೇ ಕನೆಕ್ಟರ್. ಆಚೆ ಬದಿಯ ಮೋಡೆಮ್ ವಿ.35ನದೋ, ಎಕ್ಸ್.21ರದೋ, ಆರ್‌ಎಸ್-232ರದೋ ಎಂಬ ಗೊಡವೆ ಕಾರ್ಡಿಗಿಲ್ಲ. ಅದನ್ನು ತೀರ್ಮಾನಿಸುವುದು ಕೇಬಲ್. ಕೇಬಲ್ಲಿನ ತಲೆಯೊಳಗೆ ಕೆಲವು ಪಿನ್ನುಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿ ಗುರುತು ಇಟ್ಟಿರುತ್ತಾರೆ. ಕಾರ್ಡು ಅದನ್ನು ಓದಿಕೊಂಡು ಆ ವೇಷ ತೊಡುತ್ತದೆ. ‘ಶೋ ಕಂಟ್ರೋಲರ್ಸ್’ ಕೊಟ್ಟರೆ ಸಿಕ್ಕಿಸಿದ ಕೇಬಲ್ ಯಾವುದು, ಡಿಟಿಇಯೋ ಡಿಸಿಇಯೋ, ಎರಡೂ ತೆರೆಯ ಮೇಲೆ ಬರುತ್ತವೆ. ಮನೆಯಲ್ಲಿ ಎರಡು ರೌಟರುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸುವವರಿಗೆ ಇದು ಬಲು ಉಪಯೋಗಿ: ಡಿಸಿಇ ತುದಿ ಯಾವ ರೌಟರಿನಲ್ಲಿದೆಯೋ ಅಲ್ಲೇ ‘ಕ್ಲಾಕ್ ರೇಟ್ 64000’ ಎಂದು ಬರೆಯಬೇಕು. ಇಲ್ಲದಿದ್ದರೆ ಲೈನ್ ಏಳುವ ಮಾತೇ ಇಲ್ಲ.

ಇದರಲ್ಲೊಂದು ಅಮೆರಿಕನ್ ಹಟವೂ ಉಂಟು. ಸೀರಿಯಲ್ ಪೋರ್ಟಿನ ಬ್ಯಾಂಡ್‌ವಿಡ್ತ್ ಅನ್ನು ರೌಟರ್ ತಾನಾಗಿಯೇ 1544 ಕೆಬಿಪಿಎಸ್ ಎಂದುಕೊಳ್ಳುತ್ತದೆ. ಅದು ಅಲ್ಲಿನ ಟಿ1 ಲೈನಿನ ವೇಗ. ನಮ್ಮಲ್ಲಿ ಇದ್ದದ್ದು 64 ಕೆಬಿಪಿಎಸ್ ಲೀಸ್ಡ್ ಲೈನು, ಕಾಸಿದ್ದವರಿಗೆ 2 ಎಂಬಿಪಿಎಸ್ ಇ1. ‘ಬ್ಯಾಂಡ್‌ವಿಡ್ತ್ 64’ ಎಂದು ಕೈಯಾರೆ ಬರೆಯದಿದ್ದರೆ ಓಎಸ್‌ಪಿಎಫ್ ಲೆಕ್ಕದಲ್ಲಿ ಆ ಬಡ ಲೈನಿನ ಕಾಸ್ಟ್ 64 ಆಗಿಬಿಡುತ್ತದೆ. ನಿಜಕ್ಕೂ ಆಗಬೇಕಾದ್ದು 1562. ಟ್ರಾಫಿಕ್ಕೆಲ್ಲ ಆ ಇಕ್ಕಟ್ಟಿನ ದಾರಿಗೇ ನುಗ್ಗಿದರೆ ತಪ್ಪು ಲೈನಿನದಲ್ಲ.

ಒಂದೇ ಕಾರ್ಡಿನಲ್ಲಿ ಎರಡು ಪೋರ್ಟು ಬೇಕೆನ್ನುವವರಿಗೆ ವಿಕ್-2ಟಿ. ಡಿಬಿ-60ಕ್ಕೆ ಅಲ್ಲಿ ಜಾಗ ಸಾಲದು, ಹಾಗಾಗಿ 26 ಪಿನ್ನಿನ ಸಣ್ಣ ಸ್ಮಾರ್ಟ್ ಸೀರಿಯಲ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಸಾಮಾನು ಕೆದಕುವಾಗ ಇಲ್ಲೇ ಹುಷಾರಾಗಿರಬೇಕು. ವಿಕ್-2ಎ/ಎಸ್ ಎಂಬ ಇನ್ನೊಂದು ಕಾರ್ಡಿಗೂ ಅದೇ ಮುಖ, ಅದೇ ಎರಡು ಕನೆಕ್ಟರು. ಆದರೆ ಅದರ ಓಟ 128 ಕೆಬಿಪಿಎಸ್‌ಗೇ ಮುಗಿಯುತ್ತದೆ. ಅಂಗಡಿಯವರು ಎರಡನ್ನೂ ಒಂದೇ ರಾಶಿಯಲ್ಲಿ ಹಾಕಿರುತ್ತಾರೆ, ಪಾಪ, ಅವರಿಗೇನು. ತಗಡಿನ ಮೇಲಿನ ಪುಟ್ಟ ಅಕ್ಷರ ಓದಿಯೇ ಚೌಕಾಸಿಗಿಳಿಯಿರಿ. ಕೇಬಲ್ ಕೊಳ್ಳುವುದಾದರೆ ಪಿನ್ನು ಬಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬಾಗಿದ್ದನ್ನು ನೆಟ್ಟಗೆ ಮಾಡುತ್ತೇನೆಂಬ ಹುಮ್ಮಸ್ಸು ಬೇಡ.

2600 ಸಿಗದೆ 2004ರ 2800 ಸರಣಿಯದು ಸಿಕ್ಕರೂ ತಂದುಕೊಳ್ಳಿ. ಅದರ ಎಚ್‌ವಿಕ್ ಸ್ಲಾಟುಗಳು ವಿಕ್-2ಟಿಯನ್ನು ತಕರಾರಿಲ್ಲದೆ ಒಪ್ಪುತ್ತವೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಪವರ್ ಆಫ್ ಮಾಡಿ. ಓಡುತ್ತಿರುವಾಗ ವಿಕ್ ಕೀಳುವ ಸವಲತ್ತು ಇವೆರಡರಲ್ಲೂ ಇಲ್ಲ.