ಪಡಸಾಲೆ ಗೋದಾಮಲ್ಲ

ಧನ್ವಾಡದ ನಮ್ಮ ಮನೆಗೆ ಯಾರೇ ಬರಲಿ, ಕೈಚೀಲ ಮೊದಲು ಇಳಿಯುವುದು ಪಡಸಾಲೆಯಲ್ಲಿ. ಸಂಜೆಯೊಳಗೆ ಅದು ಒಳಕೋಣೆ ಸೇರಬೇಕು, ಅದು ಮನೆಯ ರೂಢಿ. ಎಎಸ್/400 ಯಂತ್ರದಲ್ಲಿ ಆ ಪಡಸಾಲೆಯ ಹೆಸರು ಕ್ಯೂಜಿಪಿಎಲ್. ಅಲ್ಲಿಟ್ಟದ್ದನ್ನು ಒಳಗೊಯ್ಯುವ ರೂಢಿ ಮಾತ್ರ ನಮ್ಮ ಎಷ್ಟೋ ಕಚೇರಿಗಳಲ್ಲಿ ಬೆಳೆಯಲಿಲ್ಲ.

ಐಬಿಎಂ 1988ರ ಜೂನ್‌ನಲ್ಲಿ ಹೊರತಂದ ಈ ವ್ಯವಸ್ಥೆ ಈಗ ‘ಐಬಿಎಂ ಐ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಇದರಲ್ಲಿ ಪ್ರೋಗ್ರಾಂ, ಕಮಾಂಡ್, ಡೇಟಾಬೇಸ್ ಫೈಲ್ ಎಲ್ಲವೂ ಆಬ್ಜೆಕ್ಟ್. ಪ್ರತಿಯೊಂದನ್ನೂ ಇಡಲು ಒಂದು ಲೈಬ್ರರಿ ಬೇಕು. ಕ್ಯೂಜಿಪಿಎಲ್ ಅಂಥದೊಂದು ಲೈಬ್ರರಿ. ಹೆಸರು ಹೇಳಿದರೆ ಸಾಕು, ಯಂತ್ರ ಲೈಬ್ರರಿ ಲಿಸ್ಟನ್ನು ಮೇಲಿನಿಂದ ಕೆಳಕ್ಕೆ ಹುಡುಕಿ ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. ಪ್ರೋಗ್ರಾಮಿನ ಒಂದಕ್ಷರ ಮುಟ್ಟದೆ, ಲಿಸ್ಟ್ ಬದಲಿಸಿಯೇ ಟೆಸ್ಟಿನಿಂದ ಲೈವ್‌ಗೆ ಹೋಗಬಹುದು. ಇಷ್ಟು ಸೊಗಸಾದ ಏರ್ಪಾಟು ಅಪರೂಪ.

ದೋಷವಿರುವುದು ಡಿಫಾಲ್ಟಿನಲ್ಲಿ. ಹೊಸದು ಹೋಗಿ ಸೇರಬೇಕಾದ ಕರೆಂಟ್ ಲೈಬ್ರರಿಯನ್ನು ಗೊತ್ತುಮಾಡದೆ ಪ್ರೋಗ್ರಾಂ ರಚಿಸಿದರೆ ಅದು ನೇರ ಕ್ಯೂಜಿಪಿಎಲ್‌ಗೆ ಬೀಳುತ್ತದೆ. ಅದರ ಬೆಲೆ ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಕಂಡೆ. ಅಲ್ಲಿ ಯಂತ್ರ ಬದಲಿಸಿದಾಗ, ಹೊಸ ಯಂತ್ರದಲ್ಲಿ ಅದರದೇ ಕ್ಯೂಜಿಪಿಎಲ್ ಇದೆಯಲ್ಲ ಎಂದು ಹಳೆಯದನ್ನು ಯಾರೂ ಟೇಪಿಗೆ ಹಾಕಿರಲಿಲ್ಲ. ಮರುದಿನ ಬೆಳಿಗ್ಗೆ ಒಂದು ಬಿಲ್ಲೂ ಅಚ್ಚಾಗಲಿಲ್ಲ. ಬಿಲ್ಲಿನ ಪ್ರೋಗ್ರಾಂ ಹಳೆಯ ಯಂತ್ರದ ಪಡಸಾಲೆಯಲ್ಲೇ ಕೂತಿತ್ತು.

ಕ್ಯೂಸಿಸ್ ಎಂಬ ಲೈಬ್ರರಿಯಲ್ಲಿ ಕೈಯಾಡಿಸುವುದು ಇದಕ್ಕಿಂತ ಕೆಟ್ಟದ್ದು. ಅದು ಆಪರೇಟಿಂಗ್ ಸಿಸ್ಟಂನ ಸ್ವಂತ ಮನೆ. ಅಲ್ಲಿರುವ ಕಮಾಂಡಿಗೆ ನಾವು ಮಾಡಿದ ತಿದ್ದುಪಡಿ ಹೊಸ ರಿಲೀಸ್ ಹಾಕಿದೊಡನೆ ಅಳಿಸಿಹೋಗುತ್ತದೆ.

ಹಾಗಾಗಿ ನಮ್ಮದು ನಮ್ಮ ಲೈಬ್ರರಿಯಲ್ಲೇ ಇರಬೇಕು. ಅದರ ಹೆಸರು ‘ಕ್ಯೂ’ ಅಕ್ಷರದಿಂದ ಶುರುವಾಗಬಾರದು. ಆ ಅಕ್ಷರ ಐಬಿಎಂನದು. ಪ್ರೋಗ್ರಾಮಿಗೊಂದು, ಡೇಟಾಕ್ಕೊಂದು ಲೈಬ್ರರಿ ಮಾಡಿದರೆ ಬ್ಯಾಕಪ್ ಸಲೀಸು. ಐಬಿಎಂ ಕಮಾಂಡ್ ತಿದ್ದಲೇಬೇಕೆಂದರೆ, ಅದರ ಪ್ರತಿಯನ್ನು ಬೇರೊಂದು ಲೈಬ್ರರಿಗೆ ತಂದು ತಿದ್ದಿ, ಲೈಬ್ರರಿ ಲಿಸ್ಟಿನ ಸಿಸ್ಟಂ ಭಾಗದಲ್ಲಿ ಆ ಲೈಬ್ರರಿಯನ್ನು ಕ್ಯೂಸಿಸ್‌ಗಿಂತ ಮೇಲಿಡಬೇಕು. ಪ್ರತಿ ಹೊಸ ರಿಲೀಸಿಗೂ ಪ್ರತಿಯನ್ನು ಹೊಸದಾಗಿ ಮಾಡಿಕೊಳ್ಳಬೇಕು. ಆ ಲೈಬ್ರರಿಗೆ ಬರೆಯುವ ಅಧಿಕಾರ ಎಲ್ಲರಿಗೂ ಸಿಕ್ಕರೆ, ಅದೇ ಹೆಸರಿನ ನಕಲಿ ಕಮಾಂಡ್ ಇಟ್ಟು ಯಾರು ಬೇಕಾದರೂ ಯಂತ್ರವನ್ನೇ ಹಾದಿ ತಪ್ಪಿಸಬಹುದು. ಅದಕ್ಕೆ ಬೀಗ ಗಟ್ಟಿಯಾಗಿರಲಿ.

ಈ ಯಂತ್ರದ ಮುಂದೆ ಕೂರುವ ಗೆಳೆಯರಲ್ಲಿ ಒಂದು ಬಿನ್ನಹ. ಇವತ್ತೇ ಕ್ಯೂಜಿಪಿಎಲ್ ತೆರೆದು ನೋಡಿ. ನಿಮ್ಮದೇನಿದೆ ಎಂದು ಪಟ್ಟಿ ಮಾಡಿ, ಅದನ್ನು ಯಾವ ಪ್ರೋಗ್ರಾಂ ಕ್ಯೂಜಿಪಿಎಲ್ ಹೆಸರು ಹಿಡಿದೇ ಕರೆಯುತ್ತಿದೆ ಎಂದು ಹುಡುಕಿ, ಆಮೇಲೆ ಒಂದೊಂದಾಗಿ ಒಳಗೊಯ್ಯಿರಿ.