ತಾಯಿಯಿಲ್ಲದ ಶಿವನಿಗೆ ತಾಯಿ

ಭಗವಂತನನ್ನು ಶಿಶುವೆಂದು ಭಾವಿಸಿ ಎತ್ತಿ ಆಡಿಸುವ ಭಕ್ತಿಗೆ ವೈಷ್ಣವ ಸಾಹಿತ್ಯದಲ್ಲಿ ದೊರೆತಿರುವ ವಿಸ್ತಾರವು ಸರ್ವವಿದಿತ. ತಮಿಳಿನ ಪೆರಿಯಾಳ್ವಾರರಿಂದ ಕನ್ನಡದ ಪುರಂದರದಾಸರವರೆಗೆ ಬಾಲಕೃಷ್ಣನ ತೊಟ್ಟಿಲು ತೂಗದ ಕೈಗಳಿಲ್ಲ. ಶಿವಭಕ್ತಿಯಲ್ಲಿ ಇದಕ್ಕೆ ಎಡೆಯೇ ಇಲ್ಲವೆಂಬ ಮಾತು ವಿದ್ವಾಂಸರಲ್ಲಿಯೂ ಕೇಳಿಬರುತ್ತದೆ. ಶಿವನು ಅಜಾತನು, ಹುಟ್ಟದವನಿಗೆ ಬಾಲ್ಯವೆಲ್ಲಿಯದು? ಚಿತ್ರದುರ್ಗದ ಬೆಟ್ಟದ ಹಿಡಿಂಬೇಶ್ವರನಾಗಲಿ, ಹಿರಿಯೂರಿನ ತೇರುಮಲ್ಲೇಶ್ವರನಾಗಲಿ ಭಕ್ತರಿಗೆ ಒಡೆಯರೇ ಹೊರತು ಕೂಸುಗಳಲ್ಲ. ಹೊಳಲ್ಕೆರೆಯಲ್ಲಿ ಬಯಲಿನಲ್ಲಿಯೇ ಕುಳಿತಿರುವ ಗಣಪತಿಯು ಮಗನೆಂಬುದೇನೋ ನಿಜ. ಆದರೆ ಆ ಮಗನಿಗೆ ತಾಯಿಯಿದ್ದಾಳೆ. ತಾಯಿಯಿಲ್ಲದವನು ಅವನ ತಂದೆ. ಈ ಕೊರತೆಯನ್ನು ಕಂಡು ಮರುಗಿದವಳು ಬೆಜ್ಜಮಹಾದೇವಿ.

ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬರುವ ಈ ಕಥೆಯನ್ನು, ಆ ಕಾವ್ಯವನ್ನು 1369ರಲ್ಲಿ ವಾರ್ಧಕ ಷಟ್ಪದಿಗೆ ತಂದ ಭೀಮಕವಿಯ ಮೂಲಕ ಕನ್ನಡಿಗರು ಬಲ್ಲರು. ಎಲ್ಲರಿಗೂ ಎಲ್ಲ ನಂಟೂ ಆಗಿರುವ ಶಿವನಿಗೆ ತಾಯಿಯೊಬ್ಬಳು ಮಾತ್ರ ಇಲ್ಲವೆಂದು ಮಹಾದೇವಿಗೆ ಹೊಳೆಯುತ್ತದೆ. ಅವಳ ತರ್ಕ ಸರಳ, ಆದರೆ ಅಭೇದ್ಯ. ಹೆತ್ತವಳಿದ್ದಿದ್ದರೆ ಮಗನನ್ನು ವಿಷ ಕುಡಿಯಗೊಡುತ್ತಿದ್ದಳೇ? ಹಾವನ್ನು ಕೊರಳಿಗೆ ಸುತ್ತಿಕೊಂಡು ಬೂದಿ ಬಳಿದು ತಿರಿದುಣ್ಣಲು ಬಿಡುತ್ತಿದ್ದಳೇ? ಪುರಾಣಿಕರು ಶಿವನ ಮಹಿಮೆಯೆಂದು ಕೊಂಡಾಡುವ ಲಕ್ಷಣಗಳೆಲ್ಲ ಇವಳ ಕಣ್ಣಿಗೆ ತಬ್ಬಲಿತನದ ಗುರುತುಗಳು. ಸ್ತೋತ್ರವೊಂದನ್ನು ಹೀಗೆ ಒಳಮೈ ಹೊರಗಾಗಿಸಿ ಓದಿದ ಮನಸ್ಸನ್ನು 'ಮುಗ್ಧೆ' ಎಂಬ ಒಂದೇ ಪದದಲ್ಲಿ ಅಳೆದುಬಿಡುವುದು ಉಚಿತವೇ?

ಯಶೋದೆಯ ಪಾತ್ರವನ್ನು ಧರಿಸುವ ಭಕ್ತನಿಗೆ ಗೋಕುಲವೆಂಬ ಸಿದ್ಧ ರಂಗಸ್ಥಳವಿದೆ. ಹುಟ್ಟು, ಹಾಲು, ಬೆಣ್ಣೆ, ತುಂಟಾಟ ಎಲ್ಲವೂ ಭಾಗವತದಲ್ಲಿವೆ. ಬೆಜ್ಜಮಹಾದೇವಿಗೆ ಅಂತಹ ಆಸರೆ ಯಾವುದೂ ಇಲ್ಲ. ಅವಳು ನೆಚ್ಚಿದ್ದು ಲಿಂಗವೊಂದನ್ನೇ. ಅದನ್ನು ಎರೆದು, ಒರೆಸಿ, ಕಣ್ಣಿಗೆ ಕಾಡಿಗೆಯಿಟ್ಟು, ಮೊಲೆಯೂಡಿ ತೊಟ್ಟಿಲಿಗಿಡುತ್ತಾಳೆ. ಕಣ್ಣೆಲ್ಲಿ, ಬಾಯೆಲ್ಲಿ ಎಂದು ನಗುವವರು ವೀರಶೈವ ಗೃಹಿಣಿಯ ದಿನಚರಿಯನ್ನು ಅರಿಯರು. ಹುಟ್ಟಿದ ಕೂಸಿಗೆ ಲಿಂಗಧಾರಣೆಯಾಗುವುದು ಈ ಧರ್ಮದ ಪದ್ಧತಿ. ಕೂಸಿಗೆ ಪೂಜೆ ತಿಳಿಯದು. ಅದು ಬೆಳೆದು ದೀಕ್ಷೆ ಪಡೆಯುವತನಕ ಆ ಲಿಂಗದ ಯೋಗಕ್ಷೇಮವೆಲ್ಲ ತಾಯಿಯದು. ಮಗುವನ್ನು ಮೀಯಿಸಿದ ಕೈಯೇ ಮಗುವಿನ ಲಿಂಗಕ್ಕೂ ಮಜ್ಜನವೆರೆಯುತ್ತದೆ. ಹೊಸದುರ್ಗ, ಹೊಳಲ್ಕೆರೆಯ ಕಡೆಯ ತಾಯಂದಿರಿಗೆ ಈ ಕಥೆ ವಿಚಿತ್ರವೆನಿಸಬೇಕಾದ ಕಾರಣವೇ ಇಲ್ಲ. ಕವಿಯು ಗೋಕುಲದಿಂದ ಕಡ ತಂದನೆಂದು ವಾದಿಸುವವರು ಮೊದಲು ಈ ಮನೆಗಳ ಒಳಗೆ ನೋಡಬೇಕು.

ವಚನಕಾರರು ಶಿವನನ್ನು ತಂದೆಯೆಂದರು, ತಾಯಿಯೆಂದರು. ಶರಣಸತಿ ಲಿಂಗಪತಿ ಎಂದರು. ಇವೆಲ್ಲದರಲ್ಲಿಯೂ ಭಕ್ತನು ಬೇಡುವವನು, ದೇವರು ಕೊಡುವವನು. ಇಲ್ಲಿ ಆ ಸಂಬಂಧ ತಲೆಕೆಳಗಾಗಿದೆ. ಸರ್ವಶಕ್ತನಾದವನಿಗೆ ಆರೈಕೆ ಬೇಕಾದೀತೇ ಎಂಬ ಪ್ರಶ್ನೆಯು ಶಿವನು ಬೇನೆ ಬಂದಂತೆ ನಟಿಸಿ ಮೊಲೆಯುಣ್ಣದಿರುವಾಗ ತೀವ್ರವಾಗುತ್ತದೆ. ಶಿವನಿಗೆ ಅದು ಪರೀಕ್ಷೆ. ಅವಳಿಗೆ ಮಗುವಿನ ಬೇನೆ, ಅಷ್ಟೆ. ಅವನು ಮೃತ್ಯುಂಜಯನೆಂಬ ಜ್ಞಾನ ಅವಳ ನೆರವಿಗೆ ಬರುವುದಿಲ್ಲ. ಜ್ವರದಿಂದ ಬೇಯುವ ಕೂಸಿನ ಬಳಿ ಇರುಳೆಲ್ಲ ಕುಳಿತ ತಾಯಿಗೆ ಯಾವ ಶಾಸ್ತ್ರ ನೆರವಾದೀತು? ಅವಳು ತನ್ನ ಪ್ರಾಣವನ್ನೇ ಬಿಡಲು ಸಿದ್ಧಳಾಗುತ್ತಾಳೆ.

ಕಥೆಯ ಶಿಖರ ಇಲ್ಲಿದೆ. ಅನಂತರ ಶಿವನು ಮೈದೋರಿ ಮೆಚ್ಚುವುದು, ಅವಳು ಶಿವನ ತಾಯಿಯೆಂದೇ ಅಮ್ಮವ್ವೆಯಾಗುವುದು ಪುರಾಣದ ಮರ್ಯಾದೆಗೆ ಸಲ್ಲುವ ಮುಕ್ತಾಯ. ಆದರೆ ಕೂಸು ದೇವರಾಗಿ ಎದ್ದು ನಿಂತ ಒಡನೆಯೇ ತೊಟ್ಟಿಲು ಬರಿದಾಯಿತೆಂಬುದನ್ನು ಕವಿ ನೆನೆಯಬೇಕಿತ್ತು. ಇದೇ ಕಾವ್ಯದ ರುದ್ರಪಶುಪತಿಯ ಕಥೆಗೆ ಇದಕ್ಕಿಂತ ಒಳ್ಳೆಯ ಮುಗಿವು ದೊರೆತಿದೆ. ಶಿವನು ವಿಷ ಕುಡಿದನೆಂದು ಕೇಳಿ, ಉಗುಳದಿದ್ದರೆ ತಾನು ನೀರಲ್ಲಿ ಮುಳುಗಿ ಸಾಯುವೆನೆಂದು ಹಟ ಹಿಡಿದ ಆ ಭಕ್ತನನ್ನು ಶಿವನು ತೊಡೆಯ ಮೇಲೆ ಕುಳ್ಳಿರಿಸಿಕೊಳ್ಳುತ್ತಾನೆ. ಅಲ್ಲಿಯೂ ಅವನ ಅಂಜಿಕೆ ತೀರದು. ವಿಷ ಎಲ್ಲಿ ಒಳಗಿಳಿದೀತೋ ಎಂದು ಆ ಕೊರಳನ್ನೇ ನೋಡುತ್ತಿರುತ್ತಾನೆ.

ಈಗ ಬಸವಜಯಂತಿಯಂದು ನಾಡಿನ ಅನೇಕ ಊರುಗಳಲ್ಲಿ ಬಾಲಬಸವನನ್ನು ತೊಟ್ಟಿಲಲ್ಲಿಟ್ಟು ಹೆಂಗಳೆಯರು ಜೋಗುಳ ಹಾಡುತ್ತಾರೆ. ಬಸವಣ್ಣನವರು ಹುಟ್ಟಿದವರು, ತಾಯಿಯುಳ್ಳವರು; ಆ ಆಚರಣೆ ಬೇರೆ. ಅದೇ ಸಂದರ್ಭದಲ್ಲಿ ಅಮ್ಮವ್ವೆಯ ಕಥೆಯನ್ನೂ ಓದಿಸಿದರೆ ತೊಟ್ಟಿಲು ತೂಗುವವರಿಗೆ ತಮ್ಮ ಹಿರಿಯಳೊಬ್ಬಳ ಪರಿಚಯವಾದೀತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1987ರಲ್ಲಿ ಹುಟ್ಟಿದ ಶಿವಕುಮಾರ ಕಲಾಸಂಘದಂತಹ ಸಂಸ್ಥೆಗಳ ರಂಗಕ್ಕೂ ಇದು ಯೋಗ್ಯ ವಸ್ತು. ಆದರೆ ಲಿಂಗಕ್ಕೆ ಕಾಡಿಗೆಯಿಡುವಾಗ ಪ್ರೇಕ್ಷಕರು ನಕ್ಕರೆ ನಗಲಿ. ಮೊಲೆಯುಣ್ಣದ ಕೂಸಿನ ಮುಂದೆ ಅವಳು ಕುಳಿತಾಗ ಆ ನಗೆ ನಿಲ್ಲುವಂತೆ ಆಡಬಲ್ಲ ನಟಿ ಬೇಕು.